ಸ್ಕೂಲ್ ರೇಟಿಂಗ್ ನೋಡಿ ಮನೆ ಕೊಳ್ಳುವವರಿಗೆ

ಅಮೆರಿಕದಲ್ಲಿ ಮನೆ ಹುಡುಕುವ ನಮ್ಮವರು ಅಡುಗೆಮನೆ ಆಮೇಲೆ ನೋಡುತ್ತಾರೆ, ಸ್ಕೂಲ್ ರೇಟಿಂಗ್ ಮೊದಲು ನೋಡುತ್ತಾರೆ. ಅಲ್ಲಿ ಸಾಮಾನ್ಯವಾಗಿ ಮನೆ ಎಲ್ಲಿದೆ ಅನ್ನುವುದರ ಮೇಲೆ ಮಗುವಿಗೆ ಯಾವ ಸರ್ಕಾರಿ ಸ್ಕೂಲು ಅಂತ ತೀರ್ಮಾನವಾಗುತ್ತದೆ, ಆ ಸ್ಕೂಲಿಗೆ ವೆಬ್‌ಸೈಟ್‌ಗಳು ಹತ್ತಕ್ಕೆ ಇಷ್ಟು ಅಂತ ರೇಟಿಂಗ್ ಕೊಡುತ್ತವೆ. 9 ಇದ್ದರೆ ಮುಖ ಅರಳುತ್ತದೆ. 5 ಇದ್ದರೆ "ಅಯ್ಯೋ, ಬೇಡಪ್ಪ" ಅಂತ ಮುಂದಿನ ಮನೆಗೆ ಹೋಗುತ್ತಾರೆ. ಒಂದು ಅಂಕಿ ನಂಬಿಕೊಂಡು ಮೂವತ್ತು ವರ್ಷದ ಸಾಲ!

ನನ್ನ ಪ್ರಕಾರ ಆ ಅಂಕಿ ಹೇಳುವುದು ಸ್ಕೂಲಿಗೆ ಎಂಥ ಮನೆಯ ಮಕ್ಕಳು ಬರುತ್ತಾರೆ ಅನ್ನುವುದನ್ನೇ ಜಾಸ್ತಿ. ಅಲ್ಲಿ ಪಾಠ ಹೇಗೆ ನಡೆಯುತ್ತದೆ ಅನ್ನುವುದು ಅದರಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಇದೇನೂ ಹೊಸ ವಿಷಯವಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದ ಮೇಲೆ ಸರ್ಕಾರವೇ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರಿಂದ ದೊಡ್ಡ ಸಮೀಕ್ಷೆ ಮಾಡಿಸಿತ್ತು. ಸುಮಾರು 4,000 ಶಾಲೆ, 6 ಲಕ್ಷಕ್ಕೂ ಹೆಚ್ಚು ಮಕ್ಕಳು. 1966ರಲ್ಲಿ ವರದಿ ಬಂತು. ಮಕ್ಕಳ ಅಂಕಗಳಲ್ಲಿನ ವ್ಯತ್ಯಾಸಕ್ಕೆ ಕಟ್ಟಡ, ಲ್ಯಾಬುಗಳಿಗಿಂತ ಮನೆಯ ಪರಿಸ್ಥಿತಿಯೇ ದೊಡ್ಡ ಕಾರಣ ಅಂತ ಅದರಲ್ಲಿತ್ತು.

ಬೇರೆಯವರ ಮಾತು ಯಾಕೆ, ನಮ್ಮನ್ನೇ ನೋಡಿಕೊಳ್ಳೋಣ. ಸ್ಕೂಲ್ ಬಿಟ್ಟ ಮೇಲೆ ಮಗು ಗಣಿತದ ಟ್ಯೂಷನ್‌ಗೆ ಹೋಗುತ್ತದೆ, ಶನಿವಾರ ಇನ್ನೊಂದು ಕ್ಲಾಸು. ಅಪ್ಪ ಅಮ್ಮ ಇಬ್ಬರೂ ಇಂಜಿನಿಯರ್. ಆ ಮಗು ರಾಜ್ಯ ಸರ್ಕಾರ ನಡೆಸುವ ಸ್ಟೇಟ್ ಟೆಸ್ಟ್‌ನಲ್ಲಿ ಚೆನ್ನಾಗಿ ಬರೆದರೆ ಫಲಿತಾಂಶವನ್ನು ಮಕ್ಕಳ ಗುಂಪುಗಳಾಗಿ ಒಡೆದು ತೋರಿಸುವ ಪಟ್ಟಿಯಲ್ಲಿ 'ಏಷ್ಯನ್' ಅನ್ನುವ ಸಾಲಿನ ಅಂಕಿ ಏರುತ್ತದೆ, ಸ್ಕೂಲಿನ ರೇಟಿಂಗೂ ಏರುತ್ತದೆ. ಟ್ಯೂಷನ್ ಫೀಸ್ ಕಟ್ಟಿದ್ದು ನಾವು, ಹೆಸರು ಬಂದಿದ್ದು ಸ್ಕೂಲಿಗೆ! ಆ ಹೆಸರಿಗೆ ಸುತ್ತಲಿನ ಮನೆಗಳ ಬೆಲೆ ಏರುತ್ತದೆ. ಅಷ್ಟು ದುಡ್ಡು ಕೊಡುವ ಶಕ್ತಿ ಇರುವವರೇ ಬರುತ್ತಾರೆ. ಅವರ ಮಕ್ಕಳೂ ಟ್ಯೂಷನ್‌ಗೆ ಹೋಗುತ್ತಾರೆ.

ಬಡ ಮನೆಯ ಮಕ್ಕಳಿಗೆಂದು ಸ್ಕೂಲಿನಲ್ಲಿ ಕೊಡುವ ಉಚಿತ ಊಟ ಪಡೆಯುವ ಮಕ್ಕಳ ಸಂಖ್ಯೆ ನೋಡಿ 'ಬಡವರ ಸ್ಕೂಲು' ಅಂತ ತೀರ್ಮಾನ ಮಾಡುವವರೂ ಇದ್ದಾರೆ. ಈಗ ಬಡತನ ಜಾಸ್ತಿ ಇರುವ ಕಡೆ ಅರ್ಜಿಯೇ ಇಲ್ಲದೆ ಇಡೀ ಸ್ಕೂಲಿಗೆ ಉಚಿತ ಊಟ ಕೊಡಬಹುದು. ಹಾಗಾಗಿ ಅಲ್ಲಿ ನೂರಕ್ಕೆ ನೂರು ಅಂತ ಕಂಡರೆ ಎಲ್ಲರೂ ಬಡವರು ಅಂತ ಅರ್ಥವಲ್ಲ.

ಫಲಿತಾಂಶದ ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಅನ್ಯಾಯ ಆಗುವುದು ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಸಾಲಿಗೆ. ಮಗು ಇಂಗ್ಲಿಷ್ ಚೆನ್ನಾಗಿ ಕಲಿತರೆ ಆ ಗುಂಪಿನಿಂದಲೇ ಹೊರಗೆ ಬರುತ್ತದೆ. ಆ ಜಾಗಕ್ಕೆ ಭಾಷೆಯೇ ಬಾರದ ಹೊಸ ಮಗು ಬರುತ್ತದೆ. ಟೀಚರ್ ಎಷ್ಟು ಕಷ್ಟಪಟ್ಟು ಕಲಿಸಿದರೂ ಆ ಸಾಲು ಕೆಳಗೇ ಕಾಣುತ್ತದೆ. ನೋಡಿದವರು 'ಇಲ್ಲಿ ಏನೂ ಕಲಿಸಲ್ಲ' ಅಂದುಬಿಡುತ್ತಾರೆ.

ಹಾಗಾದರೆ ಏನು ನೋಡಬೇಕು? ಗ್ರೋತ್, ಅಂದರೆ ಮಗು ಸೇರಿದಾಗ ಎಲ್ಲಿತ್ತು, ಈಗ ಎಲ್ಲಿದೆ ಅನ್ನುವುದು. ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಶಾನ್ ರಿಯರ್ಡನ್ ದೇಶದ ಸ್ಕೂಲ್ ಡಿಸ್ಟ್ರಿಕ್ಟ್‌ಗಳ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ ಘಟಕಗಳ) ಟೆಸ್ಟ್ ಅಂಕಗಳನ್ನು ಹೀಗೆ ಹೋಲಿಸಿ ನೋಡಿದರು. ಬಡ ಮಕ್ಕಳೇ ಹೆಚ್ಚಿರುವ ಶಿಕಾಗೊ ಪಬ್ಲಿಕ್ ಸ್ಕೂಲ್‌ಗಳಲ್ಲಿ 3ರಿಂದ 8ನೇ ತರಗತಿಯ ಐದು ವರ್ಷದಲ್ಲಿ ಮಕ್ಕಳು ಆರು ವರ್ಷದಷ್ಟು ಕಲಿತಿದ್ದರು. ಬರೀ ಸರಾಸರಿ ಅಂಕ ನೋಡಿದವರಿಗೆ ಇದು ಕಾಣುವುದೇ ಇಲ್ಲ, ಅಲ್ವಾ?

ಈಗ ಕೆಲವು ರೇಟಿಂಗ್‌ಗಳಲ್ಲಿ ಗ್ರೋತ್ ಕೂಡ ಸೇರಿಸುತ್ತಾರೆ. ಆದರೆ ದೊಡ್ಡ ಅಂಕಿಯ ಕೆಳಗೆ ಅದನ್ನು ನೀವೇ ಒತ್ತಿ ತೆರೆದು ನೋಡಬೇಕು. ಮನೆ ನೋಡಲು ಹೋದ ದಿನ ಹಾಗೇ ಸ್ಕೂಲ್ ಆಫೀಸಿಗೂ ಒಂದು ಸುತ್ತು ಹೋಗಿ. ಹಿಂದೆ ಬಿದ್ದ ಮಗುವಿಗೆ ಏನು ಮಾಡುತ್ತೀರಿ, ಟೀಚರ್‌ಗಳು ಬಿಟ್ಟು ಹೋಗುತ್ತಾರಾ, ಉಳಿಯುತ್ತಾರಾ ಅಂತ ಸುಮ್ನೆ ಕೇಳಿ ನೋಡಿ.