ನಾಲ್ಕು ಬೂಟು, ಒಂದು ಅಳಿಲು

ಚಳಿಗಾಲದಲ್ಲಿ ನಾಯಿ ಜೊತೆ ಬೆಟ್ಟ ಹತ್ತುವ ಆಸೆ ಇದ್ದವರಿಗೆ ಒಂದು ಮಾತು. ಹೊರಡುವ ಹೊತ್ತಿಗಿಂತ ಒಂದು ಗಂಟೆ ಮುಂಚೆಯೇ ಬೂಟು ಹಾಕಲು ಕೂತುಬಿಡಿ. ನಿಮಗಲ್ಲ, ನಾಯಿಗೆ.

ನಾಯಿಗೆ ನಾಲ್ಕು ಕಾಲು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಅದು ಮನಸ್ಸಿಗೆ ನಾಟುವುದು ನಾಲ್ಕನೇ ಬೂಟಿನ ಪಟ್ಟಿ ಬಿಗಿಯುವಷ್ಟರಲ್ಲಿ ಮೊದಲನೆಯದು ಸೋಫಾ ಕೆಳಗೆ ಸೇರಿಕೊಂಡಾಗ. ಬೂಟು ಹಾಕಿದ ಮೇಲೆ ನಮ್ಮ ಗುಂಡ, ಕೆಂಡದ ಮೇಲೆ ನಡೆಯುವವನ ಹಾಗೆ ಒಂದೊಂದೇ ಕಾಲು ಎತ್ತೆತ್ತಿ ಇಡುತ್ತಾನೆ. ಹಿಂಗಾಲು ಒಂದು ಕಡೆ, ಮುಂಗಾಲು ಇನ್ನೊಂದು ಕಡೆ. ನಮ್ಮ ಯಜಮಾನರು ವಿಡಿಯೋ ಮಾಡುತ್ತಾರೆ. ಕೈ ಜೋಡಿಸುವುದಿಲ್ಲ.

"ಅವನಿಗೆ ಬೂಟು ಯಾಕೆ? ಕಾಲೊಳಗೇ ಹೀಟರ್ ಇದೆ ಕಣೇ" ಅನ್ನುತ್ತಾರೆ. ಎಲ್ಲೋ ಓದಿದ್ದಾರೆ. ಓದಿದ್ದು ಸುಳ್ಳೂ ಅಲ್ಲ. ನಾಯಿಯ ಪಾದದಲ್ಲಿ ಬಿಸಿ ರಕ್ತ ಇಳಿಯುವ ನಾಳ, ತಣ್ಣಗಾದ ರಕ್ತ ವಾಪಸ್ ಹೋಗುವ ನಾಳ ಎರಡೂ ಅಂಟಿಕೊಂಡೇ ಇರುತ್ತವೆ. ಇಳಿಯುವ ಬಿಸಿ ಏರುವ ರಕ್ತಕ್ಕೆ ಸಿಗುತ್ತದೆ, ಮೈ ತಣ್ಣಗಾಗುವುದಿಲ್ಲ. ಸರಿ. ಆದರೆ ಬೆರಳ ಸಂದಿಯ ಕೂದಲಿಗೆ ಹಿಮ ಅಂಟಿ, ಗಟ್ಟಿಯಾಗಿ, ಗೋಲಿ ಗಾತ್ರದ ಐಸ್ ಆಗುತ್ತದಲ್ಲ, ಅದಕ್ಕೆ ಆ ಹೀಟರ್ ಏನು ಮಾಡುತ್ತದೆ? ಚೂಪಾದ ಮಂಜುಗಡ್ಡೆ ಪಾದ ಕೊಯ್ದರೆ? ಬೂಟು ಸುತರಾಂ ಬೇಡ ಅನ್ನುವ ನಾಯಿಗೆ ಸಂದಿಯ ಕೂದಲು ಕತ್ತರಿಸಿ, ಪಾದಕ್ಕೆ ಹಚ್ಚುವ ಮೇಣವನ್ನಾದರೂ ಹಚ್ಚಬೇಕು. ಹಚ್ಚಿದ ಮೇಲೆ ಅದು ನೆಕ್ಕದ ಹಾಗೆ ತಕ್ಷಣ ಹೊರಡಬೇಕು. ಇದು ಹೇಳುವಷ್ಟು ಸುಲಭವಲ್ಲ.

ಸ್ವೆಟರ್ ವಿಷಯದಲ್ಲಿ ಮಾತ್ರ ದಾರಿಯಲ್ಲಿ ಸಿಗುವವರೆಲ್ಲ ಪಂಡಿತರು. ಹಾಕಿದ್ದರೆ "ಪಾಪ, ಅದಕ್ಕೂ ವೇಷ ಹಾಕಿದ್ದೀರಲ್ಲ!" ಹಾಕದಿದ್ದರೆ "ಪಾಪ, ಚಳಿ ಆಗಲ್ವಾ?" ದಪ್ಪ ಎರಡು ಪದರ ಕೂದಲಿನ ಹಸ್ಕಿಯಂಥ ನಾಯಿಗೆ ಸ್ವೆಟರ್ ಬೇಕಿಲ್ಲ. ಕಿರುಗೂದಲಿನವು, ಪುಟಾಣಿಗಳು, ಮರಿಗಳು, ವಯಸ್ಸಾದವು, ಇವಕ್ಕೆ ಬೇಕು. ಯಾವ ಸ್ವೆಟರ್ ಆದರೂ ಒದ್ದೆಯಾದರೆ ಬಿಚ್ಚಿಬಿಡಿ. ಒದ್ದೆ ಬಟ್ಟೆ ಚಳಿ ತಡೆಯುವುದಿಲ್ಲ, ಇರುವ ಬಿಸಿಯನ್ನೂ ಕಿತ್ತುಕೊಳ್ಳುತ್ತದೆ.

ಕಷ್ಟ ಏನಪ್ಪಾ ಅಂದರೆ, ನಾಯಿಗೆ ಸುಸ್ತಾಯಿತು, ಚಳಿಯಾಯಿತು ಅಂತ ಹೇಳಲು ಬರುವುದಿಲ್ಲ. ನಾವು ಖುಷಿಯಾಗಿದ್ದೇವೆ ಅಂತ ಅದೂ ಬಾಲ ಆಡಿಸಿಕೊಂಡು ಬರುತ್ತದೆ. ಅದರ ಮೈಬಿಸಿ ಮಾಮೂಲಿಯಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅಷ್ಟಿದ್ದರೆ ನಾವು ರಜೆ ಹಾಕಿ ಮಲಗುತ್ತೇವೆ. 37ಕ್ಕಿಂತ ಕೆಳಗಿಳಿದರೆ ಅದಕ್ಕೆ ಅಪಾಯ. ಬೆಟ್ಟದ ಮೇಲೆ ಥರ್ಮಾಮೀಟರ್ ಎಲ್ಲಿಡಬೇಕು ಎಂದು ಕೇಳಬೇಡಿ, ಗುಂಡನಿಗೂ ಆ ವಿಷಯ ಇಷ್ಟವಿಲ್ಲ. ಸುಮ್ನೆ ನೋಡುತ್ತಿರಿ. ನಡುಗುತ್ತಿದೆಯಾ, ಪದೇಪದೇ ಒಂದು ಕಾಲು ಎತ್ತಿ ಹಿಡಿಯುತ್ತಿದೆಯಾ, ಬಾಲ ಒಳಗೆ ಮಡಚಿ ನಿಂತೇ ಬಿಟ್ಟಿತಾ? ಹಾಗಾದರೆ ತುದಿ ನೋಡುವ ಆಸೆ ಬಿಟ್ಟು ವಾಪಸ್ ತಿರುಗಿ. ಕಿವಿಯ ತುದಿ, ಬಾಲದ ತುದಿ ಬೆಳ್ಳಗಾಗಿ ತಣ್ಣಗಿದ್ದರೆ ಉಜ್ಜಬೇಡಿ. ಮೈ ಬೆಚ್ಚಗೆ ಸುತ್ತಿಕೊಂಡು ಸೀದಾ ಪಶುವೈದ್ಯರ ಹತ್ತಿರ.

ಇನ್ನು ಹಗ್ಗ. ಕೈ ಎರಡೂ ಖಾಲಿ ಇರಲಿ ಎಂದು ಯಜಮಾನರು ಅದನ್ನು ಸೊಂಟಕ್ಕೆ ಕಟ್ಟಿಕೊಂಡರು. "ರೀ, ಜಾರುತ್ತೆ" ಅಂದೆ. "ನಾನೇನು ಮಗುವಾ?" ಅಂದರು. ಅಷ್ಟರಲ್ಲಿ ಒಂದು ಅಳಿಲು ದಾರಿಗೆ ಅಡ್ಡ ಬಂತು. ಗುಂಡನಿಗೆ ನಾಲ್ಕು ಕಾಲು, ಕಾಲಿಗೊಂದು ಬೂಟು, ಅಡಿಯಲ್ಲಿ ಒರಟು ರಬ್ಬರ್. ಯಜಮಾನರಿಗೆ ಎರಡೇ. ಇಳಿಜಾರಿನುದ್ದಕ್ಕೂ ಅವರು ಕೂತುಕೊಂಡೇ ಪ್ರಯಾಣ ಮಾಡಿದರು. ಅಳಿಲು ಮರ ಹತ್ತಿತು. ಗುಂಡ ಹಿಂದೆ ತಿರುಗಿ, ಇವರು ಯಾಕೆ ಇಷ್ಟು ಭಾರ ಎಂದು ನೋಡಿದ. ನಾನು ನಗಲಿಲ್ಲ. ವಿಡಿಯೋ ಮಾತ್ರ ಮಾಡಿದೆ.

ಜಾರುವ ಕಡೆ ಹಗ್ಗ ಕೈಯಲ್ಲಿರಬೇಕು, ಬೇಕಾದಾಗ ಬಿಡುವ ಹಾಗಿರಬೇಕು. ಹೆಪ್ಪುಗಟ್ಟಿದ ಕೆರೆಯ ಹತ್ತಿರ ಮಾತ್ರ ಬಿಡಲೇಬಾರದು. ಈ ಒಂದು ವಿಷಯದಲ್ಲಿ ತಮಾಷೆ ಇಲ್ಲ. ನಾಯಿ ಐಸ್ ಒಡೆದು ನೀರಿಗೆ ಬಿದ್ದರೆ ಎದೆ ಒಡೆಯುತ್ತದೆ ನಿಜ, ಆದರೂ ಹಿಂದೆ ಹೋಗಬೇಡಿ. 20 ಕಿಲೋ ನಾಯಿಯನ್ನು ತಡೆಯದ ಐಸ್ ನಿಮ್ಮನ್ನು ತಡೆಯುತ್ತದೆಯಾ? ದಡದಲ್ಲೇ ನಿಂತು ಕೂಗಿ ಕರೆಯಿರಿ, ಸಹಾಯಕ್ಕೆ ಫೋನ್ ಮಾಡಿ.

ನೀರು ಒಯ್ಯುವುದು ಮರೆಯಬಾರದು. ಹಿಮ ತಿನ್ನುತ್ತದಲ್ಲ, ನೀರು ಯಾಕೆ ಅನ್ನುವವರಿದ್ದಾರೆ. ಹೊಟ್ಟೆಯಲ್ಲಿ ಹಿಮ ಕರಗಿಸಲು ಅದರ ಮೈಬಿಸಿಯೇ ಖರ್ಚಾಗಬೇಕು. ಬಾಟಲಿಯನ್ನು ಚೀಲದಲ್ಲಿ ತಲೆಕೆಳಗಾಗಿಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಕಡೆ ಬೇಗ ಗಟ್ಟಿಯಾಗುವುದಿಲ್ಲ. ನಮ್ಮ ತಿಂಡಿಯಲ್ಲಿ ಒಣದ್ರಾಕ್ಷಿ, ಚಾಕೊಲೇಟ್ ಇದ್ದರೆ ಜಿಪ್ ಹಾಕಿದ ಜೇಬಿನಲ್ಲಿರಲಿ, ಎರಡೂ ನಾಯಿಗೆ ವಿಷ. ಗುಂಡನಿಗೆ ಜಿಪ್ ತೆಗೆಯಲು ಇನ್ನೂ ಬಂದಿಲ್ಲ. ಪ್ರಯತ್ನ ನಡೆದಿದೆ.

ಕೆಳಗಿಳಿದ ಮೇಲೆ ಬೂಟು ಬಿಚ್ಚಿದ್ದರೆ ಪಾದ ತೊಳೆಯಬೇಕು. ಹಿಮ ಕರಗಲೆಂದು ರಸ್ತೆಗೆ ಹಾಕಿದ ಉಪ್ಪು ಪಾದ ಉರಿಸುತ್ತದೆ, ನೆಕ್ಕಿದರೆ ಹೊಟ್ಟೆಯನ್ನೂ ಕೆಡಿಸುತ್ತದೆ. ಪಾರ್ಕಿಂಗ್‌ನಲ್ಲಿ ಕಾರಿನಿಂದ ಸೋರಿದ ಆಂಟಿಫ್ರೀಜ್ (ಎಂಜಿನ್ ನೀರು ಹೆಪ್ಪುಗಟ್ಟದಿರಲು ಹಾಕುವ ದ್ರವ) ಕಂಡರೆ ದೂರ ಎಳೆಯಿರಿ. ಅದು ಸಿಹಿಯಾಗಿರುತ್ತದೆ, ನಾಯಿ ನೆಕ್ಕುತ್ತದೆ, ಮೂತ್ರಪಿಂಡ ಹೋಗಿಬಿಡುತ್ತದೆ.

ಮೈಮೇಲಿನ ನೀರನ್ನು ಗುಂಡ ಬೆಟ್ಟದ ಮೇಲೆ ಕೊಡವುವುದಿಲ್ಲ. ಕಾರಿನ ಬಾಗಿಲು ಮುಚ್ಚುವವರೆಗೂ ಜೋಪಾನವಾಗಿ ಕಾಯುತ್ತಾನೆ. ಅದಕ್ಕೇ ಎರಡು ಟವೆಲ್ ಇಟ್ಟಿದ್ದೆ. ಎರಡೂ ಅವನಿಗೇ ಬೇಕಾದವು. ಹಿಂದಿನ ಸೀಟಿನಲ್ಲಿ ಒದ್ದೆ ಪ್ಯಾಂಟಿನಲ್ಲಿ ಕೂತ ಯಜಮಾನರು, "ನನಗೇನೂ ಇಲ್ವಾ?" ಅಂದರು.

ಮುಂದಿನ ಸೀಟಿನಿಂದ ಗುಂಡ ಅವರ ಕಡೆ ನೋಡಲೂ ಇಲ್ಲ.