ಕುಕ್ಕರುಗಾಲಿನಿಂದ ಬೆಂಚಿಗೆ

ಬೇಸ್‌ಬಾಲ್‌ನಲ್ಲಿ ಕ್ಯಾಚರ್ ಅಂತ ಒಬ್ಬ ಇರುತ್ತಾನೆ. ನಮ್ಮ ವಿಕೆಟ್ ಕೀಪರ್‌ನ ದಾಯಾದಿ. ಕೀಪರ್ ಆದರೂ ಫಾಸ್ಟ್ ಬೌಲರ್ ಬಂದಾಗ ಹತ್ತು ಹೆಜ್ಜೆ ಹಿಂದೆ ಸರಿದು ಪ್ರಾಣ ಉಳಿಸಿಕೊಳ್ಳಬಹುದು. ಕ್ಯಾಚರ್‌ಗೆ ಆ ಭಾಗ್ಯವೂ ಇಲ್ಲ. ಚೆಂಡು ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬಂದರೂ ಬ್ಯಾಟ್ಸ್‌ಮನ್ನನ ಬೆನ್ನಿಗೇ ಕುಕ್ಕರುಗಾಲಲ್ಲಿ ಕೂತಿರಬೇಕು. ಮುಖಕ್ಕೆ ಜಾಲರಿ, ಎದೆಗೆ ದಿಂಬು, ಕಾಲಿಗೆ ಕವಚ. ಒಂದು ಪಂದ್ಯದಲ್ಲಿ ಏನಿಲ್ಲವೆಂದರೂ ನೂರಕ್ಕೂ ಹೆಚ್ಚು ಸಲ ಕೂತು ಏಳಬೇಕು. ಸಾಲದ್ದಕ್ಕೆ, 2022ರ ಮೊದಲು ದೊಡ್ಡ ಲೀಗ್‌ಗಳಲ್ಲೂ, ಮುಂದಿನ ಚೆಂಡು ಹೇಗೆ ಹಾಕಬೇಕು ಅಂತ ತೊಡೆಸಂದಿಯಲ್ಲಿ ಬೆರಳಾಡಿಸಿ, ಚೆಂಡೆಸೆಯುವ ಪಿಚರ್‌ಗೆ ಗುಟ್ಟಾಗಿ ಹೇಳಬೇಕಿತ್ತು.

"ಇದೇನ್ ಮಹಾ? ಮನೇಲಿ ಕಮೋಡ್ ಹಾಕಿಸೋವರೆಗೂ ನಾವೂ ದಿನಾ ಬೆಳಿಗ್ಗೆ ಹೀಗೇ ಕೂರ್ತಿದ್ವಿ" ಅಂದರು ಮಾವ. ಹಾಸನದವರು. 2015ರ ಬೇಸಿಗೆಯಲ್ಲಿ ಮಗಳ ಮನೆಗೆ ಅಂತ ಹ್ಯೂಸ್ಟನ್‌ಗೆ ಬಂದವರು, ಇಂಡಿಯನ್ ಅಂಗಡಿ, ದೇವಸ್ಥಾನ, ಮತ್ತೆ ಇಂಡಿಯನ್ ಅಂಗಡಿ ನೋಡಿ ಬೇಜಾರಾಗಿ ಕೂತಿದ್ದರು. ಬೇಸ್‌ಬಾಲ್ ಪಂದ್ಯ ನೋಡಲು ಮಿನಿಟ್ ಮೇಡ್ ಪಾರ್ಕ್‌ಗೆ ಕರೆದುಕೊಂಡು ಹೋದೆ. ಸ್ಟೇಡಿಯಂಗೇ ಮುಚ್ಚಿ ತೆಗೆಯುವ ಚಾವಣಿ ಇರುವುದನ್ನು ಕಂಡು, ಮಳೆ ಬಂದರೆ ಹಪ್ಪಳ ಒಳಗಿಡುವ ತಾಪತ್ರಯ ಇಲ್ಲ ಅಂತ ಮೆಚ್ಚಿಕೊಂಡರು. ಆಟಕ್ಕಿಂತ ಹೆಚ್ಚು ಹಿಡಿಸಿದ್ದು, ಊರಿನ ತಂಡ ನಮ್ಮ ಸಿಕ್ಸರ್‌ನಂಥ ಹೋಮ್ ರನ್ ಹೊಡೆದಾಗಲೆಲ್ಲ ಗೋಡೆಯ ಮೇಲೆ ಓಡುವ ರೈಲು. ಅದರ ತುಂಬ ಕಿತ್ತಳೆ ಹಣ್ಣು.

ಆಗ ಬ್ಯಾಟ್ ಹಿಡಿದು ಬಂದವನು ಎವನ್ ಗ್ಯಾಟಿಸ್. ಆರಡಿ ನಾಲ್ಕಿಂಚು ಎತ್ತರ, ಗಡ್ಡ, ಕೈಗೆ ಗ್ಲೌಸ್ ಇಲ್ಲ. ಬರಿಗೈಲಿ ಬ್ಯಾಟ್ ಹಿಡಿಯುವ ಆಸಾಮಿ. ಕಸುಬಿನಲ್ಲಿ ಕ್ಯಾಚರ್, ಆದರೆ ಆ ವರ್ಷ ಅಟ್ಲಾಂಟಾದಿಂದ ಹ್ಯೂಸ್ಟನ್‌ಗೆ ಬಂದ ಮೇಲೆ ಡೆಸಿಗ್ನೇಟೆಡ್ ಹಿಟ್ಟರ್.

"ಹಂಗಂದ್ರೆ ಏನು ಅಳಿಯಂದ್ರೇ?"

"ಪಿಚರ್‌ಗೆ ಬ್ಯಾಟಿಂಗ್ ಬರಲ್ಲ ಮಾವ. ಅವನ ಬದಲು ಇವನು ಬ್ಯಾಟಿಂಗ್ ಮಾಡ್ತಾನೆ."

"ಫೀಲ್ಡಿಂಗು?"

"ಮಾಡಲ್ಲ."

"ಮಿಕ್ಕಿದ ಹೊತ್ತು?"

"ಕೂತಿರ್ತಾನೆ."

"ಸಂಬಳ?"

"ಕೊಡ್ತಾರೆ."

ಮಾವ ಸ್ವಲ್ಪ ಹೊತ್ತು ಯೋಚಿಸಿದರು. "ನಮ್ಮ ಆಫೀಸಲ್ಲೂ ಇಂಥವರು ನಾಲ್ಕು ಜನ ಇದ್ರು. ಅವರು ಬ್ಯಾಟಿಂಗೂ ಮಾಡ್ತಿರಲಿಲ್ಲ."

ಈ ಏರ್ಪಾಟಿಗೆ ಅಮೆರಿಕನ್ನರೇ ದಶಕಗಟ್ಟಲೆ ಜಗಳವಾಡಿದ್ದಾರೆ. ಅಲ್ಲಿಯ ದೊಡ್ಡ ತಂಡಗಳು ಎರಡು ಬಣ. ಅಮೆರಿಕನ್ ಲೀಗ್ 1973ರಲ್ಲೇ ಒಪ್ಪಿತು. ನ್ಯಾಷನಲ್ ಲೀಗ್ ಮಡಿವಂತಿಕೆ ಬಿಟ್ಟು ಖಾಯಂ ಆಗಿ ಒಪ್ಪಿದ್ದು 2022ರಲ್ಲಿ. ನಮ್ಮೂರ ತಂಡ ಹ್ಯೂಸ್ಟನ್ ಆಸ್ಟ್ರೋಸ್ 2013ರಲ್ಲಿ ನ್ಯಾಷನಲ್ ಲೀಗ್ ಮನೆಯಿಂದ ಅಮೆರಿಕನ್ ಲೀಗ್ ಮನೆಗೆ ಬಂದ ಸೊಸೆ. ಹಾಗಾಗಿ ನಾವು ಹೋದ ಕಾಲಕ್ಕೆ ಊರಿನವರಿಗೂ ಈ ಕೂತು ತಿನ್ನುವ ಪದ್ಧತಿ ಹೊಸದೇ.

ಗ್ಯಾಟಿಸ್‌ನ ಜಾತಕ ಮಾತ್ರ ಕೂತು ತಿಂದವನದಲ್ಲ. 1986ರಲ್ಲಿ ಡಲ್ಲಾಸ್‌ನಲ್ಲಿ ಹುಟ್ಟಿದ ಹುಡುಗ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಸ್ಕಾಲರ್‌ಶಿಪ್ ಕೊಟ್ಟು ಕರೆದಿತ್ತು. ಎಲ್ಲಿ ಸೋತುಬಿಡುತ್ತೇನೋ ಅನ್ನುವ ಭಯ, ಖಿನ್ನತೆ. ಅಲ್ಲಿಗೆ ಹೋಗಲೇ ಇಲ್ಲ. ಚಿಕಿತ್ಸೆ ಪಡೆದ, ಕೊನೆಗೆ ಆಟವನ್ನೇ ಬಿಟ್ಟ. ಕಾರ್ ಪಾರ್ಕ್ ಮಾಡಿದ, ಹಿಮದ ಗುಡ್ಡದಲ್ಲಿ ಸ್ಕೀ ಲಿಫ್ಟ್ ನಡೆಸಿದ, ಆಫೀಸುಗಳಲ್ಲಿ ಕಸ ಗುಡಿಸಿದ. ಇದನ್ನೆಲ್ಲ ಹೇಳುವಾಗ ಮಾವನ ಮುಖ ನೋಡಬೇಕಿತ್ತು. ಮಗಳಿಗೆ ಗಂಡು ಹುಡುಕುವಾಗ ಬಂದ ಬಯೋಡೇಟಾಗಳಲ್ಲಿ ಆರು ತಿಂಗಳ ಗ್ಯಾಪ್ ಕಂಡರೂ "ಇದ್ಯಾಕೆ?" ಅಂತ ಕೆಂಪು ಇಂಕಿನಲ್ಲಿ ಗುರುತು ಹಾಕಿದ್ದವರು ಅವರು. ಇಲ್ಲಿ ವರ್ಷಗಟ್ಟಲೆ ಗ್ಯಾಪು!

2010ರಲ್ಲಿ ಮತ್ತೆ ಕಾಲೇಜು ಸೇರಿ ಆಡಿದ, ತಂಡಗಳು ಸರದಿಯ ಮೇಲೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡ 23ನೇ ಸುತ್ತಿನಲ್ಲಿ ಆರಿಸಿಕೊಂಡಿತು. 23ನೇ ಸುತ್ತು ಅಂದರೆ ನಮ್ಮ ಸಿಇಟಿಯಲ್ಲಿ ಕೊನೆಗೆ ಉಳಿದ ಸೀಟು. ವೆನೆಜುವೆಲಾಗೆ ಆಡಲು ಹೋದಾಗ ಅಲ್ಲಿಯ ಜನ ಬಿಳಿ ಕರಡಿ ಅಂತ ಹೆಸರಿಟ್ಟರು. 2013ರಲ್ಲಿ ಅಟ್ಲಾಂಟಾದ ಖಾಯಂ ಕ್ಯಾಚರ್ ಬ್ರಯನ್ ಮೆಕ್ಯಾನ್ ಭುಜದ ಆಪರೇಷನ್‌ನಿಂದ ಚೇತರಿಸಿಕೊಳ್ಳುತ್ತಿದ್ದಾಗ ಇವನಿಗೆ ಜಾಗ ಸಿಕ್ಕಿತು. ಏಪ್ರಿಲ್ 3, ಮೊದಲ ಪಂದ್ಯ. ಎದುರಿಗೆ ರಾಯ್ ಹ್ಯಾಲಡೇ, ಆ ಕಾಲದ ದೊಡ್ಡ ಪಿಚರ್. ಗ್ಯಾಲರಿಯಲ್ಲಿ ಅಪ್ಪನ ಮುಂದೆ ಟಿವಿಯವರು ಮೈಕ್ ಹಿಡಿದು ಮಾತಾಡಿಸುತ್ತಿದ್ದಾರೆ, ಆಗಲೇ ಮಗ ಚೆಂಡನ್ನು ಆಚೆಗೆ ಅಟ್ಟಿದ. ಅಪ್ಪ ಸಂದರ್ಶನ ಅಲ್ಲೇ ಬಿಟ್ಟು ಕುಣಿದಾಡಿದರು. ಇದನ್ನು ಕೇಳಿದ ಮೇಲೆ ಮಾವ ಆ ಗ್ಯಾಪನ್ನು ಮನ್ನಿಸಿದರು.

ನನಗೆ ಗ್ಯಾಟಿಸ್ ಮೇಲೆ ಪ್ರೀತಿ ಹುಟ್ಟಿದ್ದು ಅವನ ಹೋಮ್ ರನ್ನುಗಳಿಂದಲ್ಲ. ಹೋಮ್ ರನ್ ಹೊಡೆದವನು ಆರಾಮಾಗಿ ನಡೆದೂ ಬರಬಹುದು. ತ್ರಿಬಲ್ ಹಾಗಲ್ಲ, ಮೈದಾನದ ಮೂಲೆಗಳಲ್ಲಿರುವ ಮೂರು ಬೇಸ್ ಮುಟ್ಟುವವರೆಗೆ ಉಸಿರು ಬಿಗಿಹಿಡಿದು ಓಡಬೇಕು. ಅದು ತೆಳ್ಳಗಿನ, ಚುರುಕು ಹುಡುಗರ ಆಸ್ತಿ. 2015ರಲ್ಲಿ ಈ ಭಾರೀ ಮನುಷ್ಯ 11 ತ್ರಿಬಲ್ ಹೊಡೆದ! ಅದೇ ವರ್ಷ ಅವನು ಕದ್ದು ಓಡಿ ಗಳಿಸಿದ ಬೇಸ್ ಎಷ್ಟು? ಸೊನ್ನೆ. ಆಗ ಅಲ್ಲಿಯ ಮೈದಾನದಲ್ಲಿ ಬ್ಯಾಟ್ಸ್‌ಮನ್ನನ ನೇರ ಎದುರಿಗೆ, 436 ಅಡಿ ದೂರದ ಗೋಡೆಯ ಬುಡದಲ್ಲಿ, ಒಂದು ದಿಬ್ಬ ಇತ್ತು, ಟ್ಯಾಲ್ಸ್ ಹಿಲ್ ಅಂತ. ದಿಬ್ಬದ ಮೇಲೊಂದು ಧ್ವಜಸ್ತಂಭ. ಯಾರೋ ಮೈದಾನ ಸಮ ಮಾಡುವುದನ್ನು ಮರೆತು ಮನೆಗೆ ಹೋದಂತಿತ್ತು, ಆದರೆ ಬೇಕೆಂದೇ ಮಾಡಿದ್ದು. ಚೆಂಡು ಆ ಕಡೆ ಹೋದರೆ ಫೀಲ್ಡರ್ ಮೇಲಕ್ಕೆ ಹತ್ತಬೇಕು, ಕಂಬ ತಪ್ಪಿಸಬೇಕು, ಚೆಂಡು ಹುಡುಕಬೇಕು. ಅಷ್ಟರಲ್ಲಿ ಗ್ಯಾಟಿಸ್ ಓಡುತ್ತಾನೆ, ತುಂಬಿದ ಬಸ್ಸು ಶಿರಾಡಿ ಘಾಟಿ ಹತ್ತುವ ಹಾಗೆ: ವೇಗ ಇಲ್ಲ, ನಿಲ್ಲುವ ಲಕ್ಷಣವೂ ಇಲ್ಲ. ಹೆಲ್ಮೆಟ್ ಜಾರುತ್ತಿರುತ್ತದೆ, ಕೆನ್ನೆ ಅಲುಗುತ್ತಿರುತ್ತದೆ, ಮೂರನೇ ಬೇಸ್ ಬಳಿ ನಿಂತ ಕೋಚ್ ಎರಡೂ ಕೈಯಲ್ಲಿ ಬಾ ಬಾ ಅನ್ನುತ್ತಿರುತ್ತಾನೆ. ಮಾವನೂ ಎದ್ದು ನಿಂತು "ಓಡೋ ಮಾರಾಯ!" ಅಂತ ಕೂಗಿದ ಭರಕ್ಕೆ ಮುಂದಿನ ಸಾಲಿನವರ ಪಾಪ್‌ಕಾರ್ನ್ ಮಳೆಗರೆಯಿತು.

ದಿಬ್ಬವನ್ನು 2016ರ ಸೀಸನ್ ಮುಗಿದ ಮೇಲೆ ಕಿತ್ತುಹಾಕಿದರು. ಆ ವರ್ಷವೇ ಗ್ಯಾಟಿಸ್‌ನನ್ನು ಸ್ವಲ್ಪ ದಿನ ಕೆಳಗಿನ ದರ್ಜೆಯ ಕಾರ್ಪಸ್ ಕ್ರಿಸ್ಟಿ ತಂಡಕ್ಕೆ ಕಳಿಸಿ ಕ್ಯಾಚಿಂಗ್ ಮತ್ತೆ ರೂಢಿ ಮಾಡಿಸಿದರು. ಒಂದು ವರ್ಷ ಬೆಂಚಿನ ಮೇಲೆ ಕೂತವನಿಗೆ ಮತ್ತೆ ಕುಕ್ಕರುಗಾಲು! 2017ರಲ್ಲಿ ತಂಡ ವರ್ಲ್ಡ್ ಸೀರೀಸ್, ಅಂದರೆ ಆ ವರ್ಷದ ಫೈನಲ್ ಸರಣಿ, ಗೆದ್ದಿತು. ಆಮೇಲೆ ಆ ಗೆಲುವಿಗೂ ಕಪ್ಪು ಅಂಟಿತು: ಎದುರಾಳಿ ಕ್ಯಾಚರ್‌ನ ಗುಟ್ಟಿನ ಬೆರಳನ್ನು ಕ್ಯಾಮೆರಾದಲ್ಲಿ ನೋಡಿ, ಕಸದ ಡಬ್ಬಿ ಬಡಿದು ತಮ್ಮ ಬ್ಯಾಟ್ಸ್‌ಮನ್‌ಗೆ ತಿಳಿಸುತ್ತಿದ್ದರು. ಇವನೂ ಆ ತಂಡದಲ್ಲಿದ್ದ. ತಪ್ಪಾಯಿತು ಅಂತ 2020ರಲ್ಲಿ ನೇರವಾಗಿ ಹೇಳಿಕೊಂಡ. 2018ಕ್ಕೇ ಆಟ ಮುಗಿದಿತ್ತು, ಒಟ್ಟು 139 ಹೋಮ್ ರನ್.

ಇಷ್ಟರ ಮಧ್ಯೆ ನಾನೂ ಕ್ಯಾಚರ್ ಆದೆ. ನಮ್ಮ ಆಫೀಸಿನ ಸಾಫ್ಟ್‌ಬಾಲ್ ತಂಡದ ಮ್ಯಾನೇಜರ್‌ಗೆ, ನಾನು ಕಾಲೇಜಿನಲ್ಲಿ ವಿಕೆಟ್ ಕೀಪರ್ ಆಗಿದ್ದೆ ಅನ್ನುವುದನ್ನು ಯಾರೋ ಪುಣ್ಯಾತ್ಮ ಹೇಳಿದ್ದ. ಮಾಸ್ಕ್ ಹಾಕಿದರೆ ಕನ್ನಡಕ ಹಿಡಿಸದು, ಕನ್ನಡಕ ಹಾಕಿದರೆ ಮಾಸ್ಕ್ ಹಿಡಿಸದು. ಎರಡನ್ನೂ ಹೇಗೋ ತುರುಕಿದರೆ ಹ್ಯೂಸ್ಟನ್ ಸೆಖೆಗೆ ಗಾಜಿಗೆ ಮಂಜು. ಚೆಂಡು ಬರುವುದು ಸದ್ದಿನಿಂದ ಮಾತ್ರ ಗೊತ್ತಾಗುತ್ತಿತ್ತು. ಎರಡನೇ ಇನ್ನಿಂಗ್ಸ್‌ನಲ್ಲಿ ಕೂತವನು ಏಳಲು ಹೋದರೆ ಬಲ ಮೊಣಕಾಲು ಒಪ್ಪಲಿಲ್ಲ. ಅಂಪೈರ್ ಮತ್ತು ಎದುರಾಳಿ ಬ್ಯಾಟ್ಸ್‌ಮನ್ ಸೇರಿ ತೋಳು ಹಿಡಿದು ಎತ್ತಿದರು. ಮುಂದಿನ ವಾರ ಮ್ಯಾನೇಜರ್ ಹೆಗಲ ಮೇಲೆ ಕೈ ಹಾಕಿ, ಇನ್ನು ಮೇಲೆ ನೀನೇ ನಮ್ಮ ಡೆಸಿಗ್ನೇಟೆಡ್ ಹಿಟ್ಟರ್ ಅಂದ. ನೀರಿನ ಬಾಟಲಿಗಳ ಡಬ್ಬದ ಉಸ್ತುವಾರಿಯೂ ಜೊತೆಗೆ ಬಂತು.

"ಬರೀ ಕೂತಿರೋದಕ್ಕೆ ಇಪ್ಪತ್ತು ಮೈಲಿ ಡ್ರೈವ್ ಮಾಡ್ಬೇಕಾ? ಇಲ್ಲೇ ಸೋಫಾ ಇಲ್ವಾ?" ಅಂದಳು ಹೆಂಡತಿ. ಆದರೂ ಒಂದು ಶನಿವಾರ ನೋಡಲು ಬಂದಳು. ಅವತ್ತೇ ನನ್ನ ಬ್ಯಾಟಿಗೆ ಚೆಂಡು ಸರಿಯಾಗಿ ಸಿಕ್ಕಿ, ಇಬ್ಬರು ಫೀಲ್ಡರ್‌ಗಳ ನಡುವೆ ಹಾದು ಬೇಲಿಯವರೆಗೂ ಉರುಳಿತು. ಗ್ಯಾಟಿಸ್‌ನನ್ನು ನೆನೆದು ಓಡಿದೆ. ದಿಬ್ಬ ಇರಲಿಲ್ಲ, ಧ್ವಜಸ್ತಂಭವೂ ಇರಲಿಲ್ಲ. ಬೇರೆ ಯಾರಿಗಾದರೂ ಮೂರು ಬೇಸ್ ಸಿಗುತ್ತಿದ್ದ ಹೊಡೆತಕ್ಕೆ ನನಗೆ ಒಂದು ಸಿಕ್ಕಿತು. ಅವಳು ಅದನ್ನು ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದಳು.

ಹಾಸನದಿಂದ ಮಾವನ ವಾಯ್ಸ್ ಮೆಸೇಜ್ ಬಂತು: "ಚೆನ್ನಾಗಿ ಹೊಡೆದಿದ್ದಾರೆ ಅಳಿಯಂದ್ರು. ಆದ್ರೆ ಸ್ಲೋ ಮೋಷನ್‌ನಲ್ಲಿ ಯಾಕಮ್ಮ ಕಳಿಸಿದ್ದೀಯ, ಮಾಮೂಲಿದು ಕಳಿಸು."

"ಮಾಮೂಲಿದೇ ಅದು, ಅಪ್ಪಾ" ಅಂತ ಇವಳು ಟೈಪ್ ಮಾಡಿದಳು.