ಆರೂಕಾಲು ಪೈಸೆ

ಅಣ್ಣನ ಮಗಳಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಚಾರ್ಟಿನ ಎಡಗಡೆ ದೇಶದ ಇತಿಹಾಸ, ಬಲಗಡೆ ಅಜ್ಜಿಯ ಜೀವನ. ಇಂಥವನ್ನೆಲ್ಲ ಕೊನೆಗೆ ಮಾಡೋದು ಮನೆಮಂದಿಯೇ, ಅದಿರಲಿ. ನನ್ನ ಸಿಟ್ಟೆಲ್ಲ ಆ ಎಡಗಡೆಯ ಮೇಲೆ. ಅದನ್ನು ಶಾಲೆಯವರೇ ತುಂಬಿ ಕಳಿಸಿದ್ದಾರೆ. ಖಾಲಿ ಇರೋದು ಅಜ್ಜಿ ಮಾತ್ರ.

ಅಜ್ಜಿ ಅಂದರೆ ನಮ್ಮಮ್ಮ. 1947ರಲ್ಲಿ ಏನು ಮಾಡ್ತಿದ್ರಿ ಅಂದರೆ, "ಮೈಯೆಲ್ಲ ಕಜ್ಜಿ ಆಗಿತ್ತು ಕಣೆ" ಅಂದಳು. ಹುಡುಗಿ ಬರೆದುಕೊಳ್ಳಲಿಲ್ಲ. ಮಹಾರಾಜರ ಆಳ್ವಿಕೆಯಿದ್ದ ಮೈಸೂರು ಸೀಮೆಯಲ್ಲಿ ಆಗಸ್ಟ್ 15 ಆದಮೇಲೂ ಜನರ ಸರ್ಕಾರ ಬೇಕು ಅಂತ 'ಮೈಸೂರು ಚಲೋ' ಚಳವಳಿ ನಡೀಬೇಕಾಯ್ತು, ಕೆ.ಸಿ. ರೆಡ್ಡಿಯವರ ಸರ್ಕಾರ ಬಂದದ್ದು ಅಕ್ಟೋಬರಿನಲ್ಲಿ ಅಂತ ನಾನು ಬಾಯಿ ಹಾಕಿದೆ. ಚಾರ್ಟಿನಲ್ಲಿ ಜಾಗ ಇಲ್ಲವಂತೆ. 1956ರ ಏಕೀಕರಣಕ್ಕೆ ಅಮ್ಮ, "ನಾವು ಇದ್ದಲ್ಲೇ ಇದ್ವಲ್ಲ" ಅಂದಳು. ತಪ್ಪೇನಿಲ್ಲ. ರಾಜ್ಯದ ಹೆಸರು ಕೂಡ 1973ರವರೆಗೆ ಮೈಸೂರು ಅಂತಲೇ ಇತ್ತು.

"ನಯಾಪೈಸೆ ಬಂದಿದ್ದು ಬರಕೋ" ಅಂತ ಆಮೇಲೆ ತಾನೇ ಶುರು ಮಾಡಿದಳು.

1957ರ ಏಪ್ರಿಲ್ 1. ಹದಿನಾರಾಣೆಯ ರೂಪಾಯಿಗೆ ಅವತ್ತಿಂದ 100 ನಯಾಪೈಸೆ. ನಾಲ್ಕಾಣೆಗೆ ಸರಿಯಾಗಿ 25. ಒಂದಾಣೆಗೆ ಮಾತ್ರ ಆರೂಕಾಲು. ಕಾಲು ಪೈಸೆ ಎಲ್ಲಿಂದ ತರೋದು? ಸರ್ಕಾರದ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19. ಅಮ್ಮ ಆಗ ಹೊಸ ಸೊಸೆ. ಒಂದಾಣೆ ವೀಳ್ಯದೆಲೆಗೆ ಅಂಗಡಿಯವನು 7 ಕೇಳಿದ. ಅತ್ತೆ ಕೊಟ್ಟಿದ್ದು 6. ಅಮ್ಮ ಅವನನ್ನು ಪೋಸ್ಟಾಫೀಸಿಗೆ ಕರಕೊಂಡು ಹೋಗಿ, ಗೋಡೆಗೆ ಅಂಟಿಸಿದ್ದ ಪಟ್ಟಿ ತೋರಿಸಿ, ಆರಕ್ಕೇ ಎಲೆ ತಂದಳು. ಅಲ್ಲೇ ನಿಂತು ಪಟ್ಟಿಯನ್ನು ಪೂರ್ತಿ ಓದಿಯೂ ಬಂದಿದ್ದಳು. ಮೂರಾಣೆ ಎಲೆ ಒಟ್ಟಿಗೆ ತಂದರೆ 19, ಒಂದೊಂದಾಣೆಯಂತೆ ಮೂರು ಸಲ ತಂದರೆ 18! ಲೆಕ್ಕ ಕೇಳಿ ಅತ್ತೆಗೆ ಬಲು ಖುಷಿ. ಹೊಸಿಲು ದಾಟೋಕೆ ಅಪ್ಪಣೆ ಬೇಕಿದ್ದ ಸೊಸೆ ಅವತ್ತಿಂದ ದಿನಕ್ಕೆ ಮೂರು ಸಲ ಪೇಟೆಗೆ. ದಾರಿಯಲ್ಲಿ ಗೆಳತಿಯ ಮನೆ, ಬಾವಿಕಟ್ಟೆ, ಸಿನಿಮಾ ಪೋಸ್ಟರು.

ಇದನ್ನು ಯಾವ ಕಾಲಂಗೆ ಹಾಕ್ತಾರೋ ಟೀಚರನ್ನೇ ಕೇಳಬೇಕು. ಹುಡುಗಿ ಪಾಪ, 1962, 1965, 1971 ಅಂತ ಓದುತ್ತಾ ಹೋದಳು. ತುರ್ತು ಪರಿಸ್ಥಿತಿಗೆ ಬಂದರೂ ಅಮ್ಮ ಎಲೆ ಅಂಗಡಿ ಬಿಟ್ಟು ಕದಲಿರಲಿಲ್ಲ. ಅಂಗಡಿಯವನ ತಾಯಿ ಎಂಥ ಜುಗ್ಗಿ ಅನ್ನೋ ಕಥೆ ಆಗಷ್ಟೇ ಶುರುವಾಗಿತ್ತು.